ಆರನೆಯ ನಂಬರಿನ ಸೀಸೆ

೧೯೫೬ನೆಯ ಇಸವಿ ನವೆಂಬರ್ ಒಂದನೆಯ ತಾರೀಖು, ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಫ್ಲಾರೆನ್ಸ ಮಾಡಬಾರದ ಒಂದು ಕೆಲಸ ಮಾಡಿದಳು. ಮನಸ್ಸಿನಲ್ಲಿದ್ದುದನ್ನು ಆಯಾ ಕಾಂತಾಬಾಯಿಯ ಮುಂದೆ ಹೇಳಿಬಿಟ್ಟಳು.

ತಪ್ಪು ಪೂರ್ತಿ ಅವಳದೂ ಅಲ್ಲ. ಆಗಷ್ಟೇ ಅವಳು ಗಾಜಿನ ನಳಿಕೆಗೆ ಐದು ಸಿಸಿ ಬೆನೆಡಿಕ್ಟ್ ದ್ರಾವಣ ಸುರಿದು, ಅದಕ್ಕೆ ಎಂಟು ಹನಿ ಮೂತ್ರ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದು, ಗಡಿಯಾರ ನೋಡುತ್ತ ಎರಡು ನಿಮಿಷ ಕುದಿಸಿದ್ದಳು. ಮೂತ್ರದಲ್ಲಿ ಸಕ್ಕರೆ ಇದ್ದರೆ ಆ ನೀಲಿ ದ್ರಾವಣ ಹಸಿರಾಗುತ್ತದೆ. ಹೆಚ್ಚಿದ್ದರೆ ಹಳದಿ, ಇನ್ನೂ ಹೆಚ್ಚಿದ್ದರೆ ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಮೂರು ವಾರದ ಹಿಂದೆ ಆರನೆಯ ನಂಬರಿನ ಮಂಚದ ವೈಜಿನಾಥ ಅವರ ನಳಿಕೆ ಬೀದರ ಕೋಟೆಯ ಗೋಡೆಯ ಹಾಗೆ ಕೆಂಪಗಿತ್ತು. ಇಂದು ಮೊದಲ ಸಲ ಅದು ನೀಲಿಯಾಗಿಯೇ ಉಳಿಯಿತು.

"ಕಾಂತಾಬಾಯಿ, ಬರ್ರಿ ಇಲ್ಲಿ! ನೀಲಿ ನೋಡ್ರಿ, ನೀಲಿ!"

ಕಾಂತಾಬಾಯಿ ಕಸಬರಿಗೆ ಹಿಡಿದುಕೊಂಡೇ ಬಂದು ಇಣುಕಿದಳು. "ನಿನ್ನೆನೂ ನೀಲಿನೇ ಇತ್ತಲ್ರಿ ಅಕ್ಕಾ, ಬಾಟ್ಲ್ಯಾಗ?"

"ಅದು ಕುದಿಸೋಕಿಂತ ಮೊದಲರಿ. ಇದು ಕುದಿಸಿದ ಮ್ಯಾಲ. ನಮ್ಮ ಆರನೇ ನಂಬರ ಮಾಮಾಗ ಸಕ್ಕರಿ ಇಳದದ! ಇವತ್ತ ನಾಕ ಗಂಟೆಕ್ಕ ನಮ್ಮ ಕಾಲೇಜಿನ ಮಿಸ್ ಬರ್ತಾರ. ಅವರ ಮುಂದನೂ ಹಿಂಗೇ ಬಂತಂದ್ರ ನನ್ನ ಪುಸ್ತಕಕ್ಕ ಸಹಿ ಹಾಕ್ತಾರ. ಕೆಂಪ ಬಂತಂದ್ರ..."

"ಕೆಂಪ ಬಂತಂದ್ರ?"

"ಡಿಸೆಂಬರದಾಗ ಪರೀಕ್ಷಾಕ್ಕ ಕೂಡಸಲ್ರಿ. ತರಬೇತಿ ಮತ್ತ ಮೊದಲಿಂದ."

ಕಾಂತಾಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ! ಒಬ್ಬರ ಉಚ್ಚಿ ಮ್ಯಾಲ ಇನ್ನೊಬ್ಬರ ಬಾಳೇನ್ರಿ? ಇದೆಂಥ ಓದು!"

ಬೀದರದಲ್ಲಿ ಆಗ ಟೆಲಿಫೋನುಗಳು ಬೆರಳೆಣಿಕೆಯಷ್ಟಿದ್ದವು. ಆ ಆಸ್ಪತ್ರೆಯಲ್ಲಿ ಒಂದೂ ಇರಲಿಲ್ಲ, ಕಾಂತಾಬಾಯಿ ಇದ್ದಳು. ಏಳೂವರೆಯ ಹೊತ್ತಿಗೆ ಸುದ್ದಿ ಗಂಡಸರ ವಾರ್ಡು, ಹೆಂಗಸರ ವಾರ್ಡು, ಔಷಧಿ ಕೊಡುವ ಕಿಟಕಿ, ಅಡುಗೆಮನೆ ಎಲ್ಲ ದಾಟಿ ಗೇಟಿನ ಬಳಿ ಟಾಂಗಾ ನಿಲ್ಲಿಸಿದವರ ತನಕ ಮುಟ್ಟಿತು. ಗೇಟು ಮುಟ್ಟುವಷ್ಟರಲ್ಲಿ ಅದು ಸ್ವಲ್ಪ ಬೆಳೆದಿತ್ತು ಕೂಡ: ನೀಲಿ ಬಾರದಿದ್ದರೆ ಹುಡುಗಿಯ ಮದುವೆಯೂ ನಿಲ್ಲುತ್ತದಂತೆ.

ಮದುವೆಯ ಮಾತು ಎಲ್ಲಿಯೂ ಇರಲಿಲ್ಲ. ಫ್ಲಾರೆನ್ಸ ಔರಾದಿನ ಶಾಲಾ ಮಾಸ್ತರ ಎಲೀಷ ಅವರ ಮಗಳು. ಹೈದರಾಬಾದಿನ ಕಾಲೇಜಿನಲ್ಲಿ ಪಥ್ಯಾಹಾರದ ವಿದ್ಯೆ ಕಲಿಯುತ್ತಿದ್ದಳು. ಆ ವಿದ್ಯೆಯಲ್ಲಿ ಆರು ವಾರ ಆಸ್ಪತ್ರೆಯಲ್ಲಿದ್ದು, ನಿಜವಾದ ರೋಗಿಗಳಿಗೆ ನಿಜವಾದ ಊಟ ಗೊತ್ತು ಮಾಡಿ, ಕೊನೆಯ ದಿನ ಒಬ್ಬ ರೋಗಿಯನ್ನು ತೋರಿಸಿ ಸಹಿ ಪಡೆಯಬೇಕು. ಬೀದರದ ನೌಬಾದದಲ್ಲಿ ಅತ್ತೆಯ ಮನೆ ಇದ್ದುದರಿಂದ ಅವಳು ಈ ಊರನ್ನೇ ಕೇಳಿಕೊಂಡು ಬಂದಿದ್ದಳು.

ಬಂದ ಮೊದಲ ವಾರ ಅವಳು ರೋಗಿಗಳ ಮುಂದೆ ನಿಂತು, "ಪಿಷ್ಟ ಪದಾರ್ಥಗಳನ್ನು ಮಿತಗೊಳಿಸತಕ್ಕದ್ದು" ಎಂದು ಪುಸ್ತಕದಲ್ಲಿದ್ದಂತೆ ಹೇಳುತ್ತಿದ್ದಳು. ಅವರು ಕೈಮುಗಿದು, "ಆಗ್ಲಿ ತಾಯಿ" ಎಂದು ಹೇಳಿ ಏಳೇಳು ರೊಟ್ಟಿ ತಿನ್ನುತ್ತಿದ್ದರು. ಎರಡನೆಯ ವಾರ ಅವಳು ಔನ್ಸಿನ ಲೆಕ್ಕ ಬಿಟ್ಟು ರೊಟ್ಟಿಯ ಲೆಕ್ಕ ಹಿಡಿದಳು. ಆದರೆ ಒಂದು ರೊಟ್ಟಿಯಂತೆ ಇನ್ನೊಂದು ಇರಬೇಕಲ್ಲ? ಅದಕ್ಕಾಗಿ ಅಡುಗೆಮನೆಗೆ ತಕ್ಕಡಿ ಹೊತ್ತುಕೊಂಡು ಹೋದಳು.

ಅಡುಗೆಯ ಖಾಸಿಂ ಅಲಿ ಆ ತಕ್ಕಡಿಯನ್ನು ನೋಡಿ ನಕ್ಕದ್ದು ಮೂರು ದಿನ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಇಪ್ಪತ್ತು ವರ್ಷದಿಂದ ಅದೇ ಒಲೆಯ ಮುಂದೆ ಇದ್ದವನು.

"ಹಿಟ್ಟ ತೂಕ ಮಾಡಿ ರೊಟ್ಟಿ ಬಡೀಬೇಕಾ ಬೇಟಿ? ಇದೇನು ಸರಾಫನ ಅಂಗಡೀನಾ?"

ಫ್ಲಾರೆನ್ಸ ವಾದ ಮಾಡಲಿಲ್ಲ. ಮೂರು ಮುಂಜಾನೆ ಅವನ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯಲು ಕಲಿತಳು. ಅವಳು ಬಡಿದ ರೊಟ್ಟಿಗಳು ಔರಾದ ತಾಲೂಕಿನ ನಕಾಶೆಯಂತಿದ್ದವು. ನಾಲ್ಕನೆಯ ದಿನ ಖಾಸಿಂ ಅಲಿಗೆ ಕರುಣೆ ಬಂತು. "ಬಿಡು, ನಿನ್ನ ಕೈಲಿಂದ ಆಗಲ್ಲ. ಎಷ್ಟ ತೂಕದ್ದು ಬೇಕು ಹೇಳು, ನಾನೇ ಬಡೀತೇನಿ" ಎಂದ. ಅಂದಿನಿಂದ ಆರನೆಯ ನಂಬರಿಗೆ ಎರಡೆರಡು ಔನ್ಸ್ ಹಿಟ್ಟಿನ ಮೂರು ರೊಟ್ಟಿ, ಒಂದು ಬಟ್ಟಲು ತೊಗರಿಬೇಳೆ, ಪುಂಡಿಪಲ್ಯ, ಮಜ್ಜಿಗೆ ತಪ್ಪದೆ ಹೋಗುತ್ತಿತ್ತು. ಕಾಲೇಜಿನಲ್ಲಿ ಕಲಿಸದ ಪಾಠಗಳು ಹೀಗೆ ಒಂದೊಂದಾಗಿ ಅವಳ ಪುಸ್ತಕದ ಅಂಚಿಗೆ ಸೇರುತ್ತಿದ್ದವು.

ಈಗ ಉಳಿದದ್ದು ಒಂದೇ ದಿನ. ಆದರೆ ಆ ದಿನ ಎಂಥದ್ದು! ಬೀದರ ಜಿಲ್ಲೆ ಅಂದು ಬೆಳಗ್ಗೆಯಿಂದ ಮೈಸೂರು ರಾಜ್ಯದಲ್ಲಿತ್ತು. ಮೇಲೆ ದೀಪಾವಳಿ. ಎರಡು ಸಂತೋಷಗಳು ಒಂದೇ ದಿನ ಬಂದರೆ ಸಕ್ಕರೆ ಕಾಯಿಲೆಯವನು ಎಲ್ಲಿಗೆ ಹೋಗಬೇಕು?

ಒಂಬತ್ತು ಗಂಟೆಗೆ ಉತ್ಸವ ಸಮಿತಿಯವರು ಹಾರ ಹಾಕಿಕೊಂಡು ವಾರ್ಡಿಗೆ ಬಂದರು. ಮುಂದೆ ಒಬ್ಬ ವಕೀಲರು, ಅವರ ಹಿಂದೆ ಬುಟ್ಟಿ, ಬುಟ್ಟಿಯಲ್ಲಿ ಪೇಢಾ. ಮಂಚಕ್ಕೊಂದರಂತೆ ಕೊಡುತ್ತ ಬಂದು ವೈಜಿನಾಥರ ಅಂಗೈಯಲ್ಲಿ ಇಟ್ಟೊಡನೆ ಫ್ಲಾರೆನ್ಸ ಹದ್ದಿನಂತೆ ಎರಗಿ ಎತ್ತಿಕೊಂಡಳು.

"ಇವರಿಗೆ ಬ್ಯಾಡ್ರಿ. ಸಕ್ಕರಿ ಬ್ಯಾನಿ ಅದ."

ವಕೀಲರ ಮುಖ ಕೆಂಪಾಯಿತು. "ಬಾಯಿಯವರೇ, ಇದು ಬರೇ ಪೇಢಾ ಅಲ್ಲರಿ. ಇದು ರಾಜ್ಯ! ರಾಜ್ಯ ಬ್ಯಾಡ ಅಂತಾರೇನು ಇವರು?"

"ಅಯ್ಯಯ್ಯ, ನಾ ಎಲ್ಲಿ ಬ್ಯಾಡ ಅಂದೆರಿ?" ಎಂದು ವೈಜಿನಾಥರು ಗಾಬರಿಯಾಗಿ ಎದ್ದು ಕುಳಿತರು.

ಪಕ್ಕದ ಏಳನೆಯ ನಂಬರಿನಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ ಸಂತಪುರದ ಮಚ್ಛೇಂದ್ರ ಎಂಬ ತರುಣ ನಡುವೆ ಬಾಯಿ ಹಾಕಿದ. "ಅವರ ರಾಜ್ಯ ನನಗ ಕೊಡ್ರಿ ವಕೀಲಸಾಬ್. ನಾ ಎರಡೂ ಸಂಭಾಳಿಸ್ತೇನಿ."

ಬೇರೆ ದಾರಿ ಕಾಣದೆ ಫ್ಲಾರೆನ್ಸ, "ಮಾಮಾನ ಪರವಾಗಿ ನಾ ತಿಂತೇನ್ರಿ" ಎಂದು ಎಲ್ಲರೆದುರು ಪೇಢಾ ಬಾಯಿಗೆ ಹಾಕಿಕೊಂಡಳು. ಸಮಿತಿ ಚಪ್ಪಾಳೆ ತಟ್ಟಿ ಹೋಯಿತು. ಅದರ ಹಿಂದೆಯೇ ವ್ಯಾಪಾರಿಗಳ ತಂಡ, ಅದರ ಹಿಂದೆ ಮಾಸ್ತರರ ತಂಡ. ಒಂಬತ್ತೂ ಮುಕ್ಕಾಲಿಗೆ ಅವಳು ವೈಜಿನಾಥರ ಪರವಾಗಿ ಮೂರು ಸಲ ಮೈಸೂರು ರಾಜ್ಯಕ್ಕೆ ಸೇರಿದ್ದಳು.

ವೈಜಿನಾಥರು ಕೆಟ್ಟ ರೋಗಿಯಲ್ಲ. ಭಾಲ್ಕಿಯಲ್ಲಿ ಇಪ್ಪತ್ತೆಂಟು ವರ್ಷ ಅಂಚೆ ಹಂಚಿ ನಿವೃತ್ತರಾದವರು. ಫ್ಲಾರೆನ್ಸಳನ್ನು ಮಗಳೇ ಎನ್ನುತ್ತಿದ್ದರು. ಅವರ ತೊಂದರೆ ಒಂದೇ. ಮನೆ ಮನೆಯ ಬಾಗಿಲಲ್ಲಿ ನಿಂತು ಬದುಕಿದವರಾದ್ದರಿಂದ, ಯಾರಾದರೂ ಕೈಚಾಚಿ ಏನಾದರೂ ಕೊಟ್ಟರೆ ಅವರ ಕೈ ತಾನಾಗಿ ಮುಂದಕ್ಕೆ ಬರುತ್ತಿತ್ತು.

ಹತ್ತೂವರೆಗೆ ಭಾಲ್ಕಿಯ ಬಸ್ಸಿನಿಂದ ಅವರ ಹೆಂಡತಿ ಭಾಗೀರಥಿಬಾಯಿ ಬಂದರು. ಮಡಿಲಲ್ಲಿ ಹಿತ್ತಾಳೆಯ ಡಬ್ಬಿ, ಡಬ್ಬಿಯಲ್ಲಿ ಕರಂಜಿ. ಫ್ಲಾರೆನ್ಸ ಬಾಯಿ ತೆರೆಯುವ ಮೊದಲೇ ಕಾಂತಾಬಾಯಿ ಬಾಗಿಲಿಗೆ ಕಸಬರಿಗೆ ಅಡ್ಡ ಹಿಡಿದಳು.

"ಡಬ್ಬಿ ಒಳಗ ಬರಲ್ರಿ ಬಾಯಿ! ನಿಮ್ಮ ಗಂಡ ಒಂದ ಕರಂಜಿ ತಿಂದ್ರ ಈ ಪೋರಿ ಲಗ್ನ ಮುರೀತದ!"

"ನನ್ನ ಗಂಡ ಕರಂಜಿ ತಿಂದ್ರ ಈಕಿ ಲಗ್ನಕ್ಕ ಏನಾಗ್ತದ ಯವ್ವಾ?" ಎಂದು ಭಾಗೀರಥಿಬಾಯಿ ಕಣ್ಣು ಬಿಟ್ಟರು. ಆಮೇಲೆ ಆ ಕಣ್ಣುಗಳಲ್ಲಿ ನೀರು ತುಂಬಿತು. "ವರ್ಷದ ಹಬ್ಬ. ಇವ್ರಿಗಿ ಹಾಗಲಕಾಯಿ, ನಾ ಮನ್ಯಾಗ ಕೂತು ಕರಂಜಿ ತಿನ್ನಬೇಕೇನ್ರಿ?"

ಮೊದಲ ವಾರವಾಗಿದ್ದರೆ ಫ್ಲಾರೆನ್ಸ ಪುಸ್ತಕ ತೆಗೆದು ಓದುತ್ತಿದ್ದಳು. ಈಗ ಅವಳು ಭಾಗೀರಥಿಬಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಕುಳಿತು, "ಹೂರಣಕ್ಕ ಏನೇನ ಹಾಕೀರಿ ಮಾಮಿ?" ಎಂದು ಕೇಳಿದಳು. ಭಾಗೀರಥಿಬಾಯಿ ಮೂಗು ಒರೆಸಿಕೊಂಡು ಒಣಕೊಬ್ಬರಿ, ಗಸಗಸೆ, ಏಲಕ್ಕಿ ಎಂದು ಶುರುಮಾಡಿದರು. ಸಕ್ಕರೆಯ ಹೆಸರು ಬಂದಲ್ಲಿ ತಾವೇ ನಿಂತರು. "ಭಾಳ ಆಗ್ತದ ಅಲ್ಲೇನವ್ವಾ?" ಎಂದರು. "ಆಗ್ತದರಿ ಮಾಮಿ. ಕಾಲಿನ ಹುಣ್ಣು ಈಗ ಒಣಗಲಿಕತ್ತದ. ಇನ್ನೊಂದೀಟ ದಿನ ತಡೀರಿ" ಎಂದಳು ಇವಳು. ಹತ್ತು ನಿಮಿಷದಲ್ಲಿ ಡಬ್ಬಿ ಜಗಳವಿಲ್ಲದೆ ಅಡುಗೆಮನೆಗೆ ಹೋಯಿತು. ಭಾಗೀರಥಿಬಾಯಿ ಗಂಡನ ಮಂಚದ ಕಾಲಬಳಿ ಕಾವಲು ಕುಳಿತರು.

ಹನ್ನೆರಡಕ್ಕೆ ಊಟ. ಮೂರು ರೊಟ್ಟಿ, ತೂಕ ಸರಿ. ಫ್ಲಾರೆನ್ಸ ನೆಮ್ಮದಿಯಿಂದ ಪುಸ್ತಕದ ಕೊನೆಯ ಪುಟಗಳನ್ನು ಬರೆಯಲು ಪಕ್ಕದ ಕೋಣೆಗೆ ಹೋದಳು. ಅರ್ಧ ತಾಸಿನ ನಂತರ ಬಂದು ನೋಡಿದರೆ ಭಾಗೀರಥಿಬಾಯಿ ಮಂಚದ ಕಾಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಮಂಚ ಖಾಲಿ.

"ಮಚ್ಛೇಂದ್ರ, ಮಾಮಾ ಎಲ್ಲಿ?"

"ಜರಾ ಗಾಳಿಗಿ ಹೋಗ್ಯಾರರಿ ಅಕ್ಕಾ. ಹೊರಗ ಬ್ಯಾಂಡ ಬಾರಿಸ್ತಿದ್ರಲ್ಲ, ಜುಲೂಸು ನೋಡಿ ಬರ್ತೇನಿ ಅಂದ್ರು."

"ನೀ ಯಾಕ ತಡೀಲಿಲ್ಲ?"

ಮಚ್ಛೇಂದ್ರ ತನ್ನ ಪ್ಲಾಸ್ಟರಿನ ಕಾಲನ್ನು ತೋರಿಸಿದ. "ಹ್ಯಾಂಗ ತಡೀಲ್ರಿ? ಇದನ್ನ ಬೀಸಿ ಒಗೀಲಾ?"

ಫ್ಲಾರೆನ್ಸ ಓಡಿದಳು. ಬಿಳಿಯ ಮೇಲಂಗಿ ತೊಟ್ಟ ಹುಡುಗಿ ಹಾಗೆ ಓಡುವುದನ್ನು ಕಂಡು ಮೆರವಣಿಗೆಯವರು ಅದೂ ಕಾರ್ಯಕ್ರಮದ ಭಾಗವೆಂದು ದಾರಿ ಬಿಟ್ಟರು. ಗಾವಾನ ಚೌಕಿನಲ್ಲಿ ಅವರಿಲ್ಲ. ಚೌಬಾರಾ ಗೋಪುರದ ಕೆಳಗೆ, ಮಿಠಾಯಿ ಅಂಗಡಿಯೊಂದರ ಕಟ್ಟೆಯ ಮೇಲೆ, ನಿವೃತ್ತ ಅಂಚೆಯವರು ಕಾಲು ಇಳಿಬಿಟ್ಟು ಕುಳಿತಿದ್ದರು. ಬಲಗೈಯಲ್ಲಿ ಅರ್ಧ ಜಿಲೇಬಿ. ಉಳಿದರ್ಧ ಎಲ್ಲಿದೆ ಎಂಬುದು ಅವರ ಕೆನ್ನೆಯಿಂದ ತಿಳಿಯುತ್ತಿತ್ತು.

"ಮಾಮಾ!"

ವೈಜಿನಾಥರು ಜಿಲೇಬಿಯನ್ನು ಬೆನ್ನ ಹಿಂದೆ ಅಡಗಿಸಿದರು. ಆಮೇಲೆ ತಾವೇ ನಾಚಿ ಮುಂದಕ್ಕೆ ತಂದರು. "ಮಗಳ, ಇಪ್ಪತ್ತೆಂಟ ವರ್ಷ ಮಂದಿ ಬಾಗಲಕ್ಕ ಹೋಗೀನಿ. ಹಬ್ಬದ ದಿನ ಕೊಟ್ಟದ್ದ ಬ್ಯಾಡ ಅನ್ನೋದು ನನಗ ಬರಂಗಿಲ್ಲವ್ವಾ."

"ಏನೇನ ತಿಂದೀರಿ? ಖರೇ ಹೇಳ್ರಿ."

ಅವರು ಅಂಚೆಯವರು. ಕ್ರಮ ತಪ್ಪಲಿಲ್ಲ. "ದವಾಖಾನಿ ಗೇಟಿನಾಗ ಒಂದು ಪೇಢಾ. ಗಾವಾನ ಚೌಕಿನಾಗ ಪೇಢಾ ಎರಡು. ಸೈಕಲ್ ಅಂಗಡಿ ಹುಸೇನ ಒಂದು ಲಾಡು ಕೊಟ್ಟ, ಅವನ ಅಪ್ಪಗ ನಾನೇ ಮನಿಯಾರ್ಡರ ಕೊಡ್ತಿದ್ದೆ. ಇಲ್ಲಿ ಬಂದು ಜಿಲೇಬಿ. ಇದು ಎರಡನೇದು, ಅರ್ಧ ಆಗ್ಯದ."

ಫ್ಲಾರೆನ್ಸ ಮನಸ್ಸಿನಲ್ಲೇ ಕೂಡಿದಳು. ಕಡಿಮೆಯೆಂದರೂ ಮೂರೂವರೆ ಔನ್ಸ್ ಸಕ್ಕರೆ. ನಾಲ್ಕು ಗಂಟೆಗೆ ನಳಿಕೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ಹೇಳಲು ಸ್ಪಿರಿಟ್ ದೀಪ ಹಚ್ಚುವ ಅಗತ್ಯವೇ ಇರಲಿಲ್ಲ.

ಎರಡೂಕಾಲಿಗೆ ಅವರನ್ನು ಕರೆತಂದು ಮಂಚದ ಮೇಲೆ ಕೂರಿಸಿದಳು. ಯಾರನ್ನೂ ಬೈಯಲಿಲ್ಲ. ಪುಸ್ತಕ ತೆಗೆದು, ಪೇಢಾ ಮೂರು, ಲಾಡು ಒಂದು, ಜಿಲೇಬಿ ಒಂದೂವರೆ ಎಂದು ತಿಂದ ಜಾಗದ ಸಮೇತ ಬರೆಯತೊಡಗಿದಳು.

ಕಾಂತಾಬಾಯಿ ಅವಳ ಪೆನ್ನು ಹಿಡಿದುಕೊಂಡಳು. "ಅಕ್ಕಾ, ಹುಚ್ಚ ಹಿಡದದೇನ್ರಿ? ಯಾರ ನೋಡ್ಯಾರ? ಬರೀಬ್ಯಾಡ್ರಿ!"

"ತಿಂದದ್ದು ಬರೀಬೇಕ್ರಿ ಕಾಂತಾಬಾಯಿ. ನಾ ಬಂದಿದ್ದೇ ಅದು ಕಲೀಲಿಕ್ಕ."

ಬರೆದು ಮುಗಿಸಿ, ಚಾದರಗಳ ಕಪಾಟಿನ ಹಿಂದೆ ಹೋಗಿ ಎರಡು ನಿಮಿಷ ಅತ್ತಳು. ಅಲ್ಲಿ ಯಾರೂ ಕಾಣುವುದಿಲ್ಲ ಎಂದು ಅವಳು ತಿಳಿದಿದ್ದಳು. ವಾರ್ಡಿನ ಹನ್ನೆರಡು ಮಂಚಗಳಿಗೂ ಕೇಳಿಸಿತು. ಭಾಗೀರಥಿಬಾಯಿ ಎದ್ದು ಕುಳಿತು ಗಂಡನನ್ನು ದಿಟ್ಟಿಸಿದರು. ಮಚ್ಛೇಂದ್ರ ಗೋಡೆಗೆ ಮುಖ ಮಾಡಿದ. ಕಾಂತಾಬಾಯಿ ಕಸಬರಿಗೆ ಬಿಸಾಕಿ ಅಡುಗೆಮನೆಯ ಕಡೆಗೆ ನಡೆದಳು.

ಎರಡೂ ಮುಕ್ಕಾಲಿಗೆ ಫ್ಲಾರೆನ್ಸ ವೈಜಿನಾಥರ ಕೈಗೆ ತೊಳೆದ ಸೀಸೆ ಕೊಟ್ಟಳು. ಪರದೆಯ ಹಿಂದೆ ಅವರು ಬಹಳ ಹೊತ್ತು ಮಾಡಿದರು. ತಂದುಕೊಡುವಾಗ ಅವಳ ಮುಖ ನೋಡಲಿಲ್ಲ. ಪಶ್ಚಾತ್ತಾಪ ಇರಬೇಕು ಪಾಪ ಎಂದು ಅವಳು ಅಂದುಕೊಂಡಳು. ಸೀಸೆಗೆ '೬' ಎಂದು ಬರೆದ ಚೀಟಿ ಅಂಟಿಸಿ, ಪರೀಕ್ಷೆಯ ಕೋಣೆಯ ಕಿಟಕಿಯಲ್ಲಿ ಇಟ್ಟು, ಮಿಸ್ ಅವರನ್ನು ಎದುರುಗೊಳ್ಳಲು ಗೇಟಿಗೆ ಹೋದಳು.

ಹೋಗುವಾಗ ಕಾಂತಾಬಾಯಿ ಆ ಕೋಣೆಗೆ ನುಗ್ಗುವುದು ಕಂಡಿತು. ಬೆಳಿಗ್ಗೆ ಒಮ್ಮೆ ಗುಡಿಸಿದ್ದನ್ನು ಮತ್ತೆ ಗುಡಿಸುವಷ್ಟು ಅಕ್ಕರೆ. ಹೈದರಾಬಾದಿನ ರೈಲು ತಡವೆಂದು ತಿಳಿದು ಮರಳಿ ಬರುವಾಗ ಅದೇ ಓಣಿಯಲ್ಲಿ ಖಾಸಿಂ ಅಲಿ ಎದುರಾದ. ಅಡುಗೆಮನೆಯ ಈಚೆಗೆ ಅವನನ್ನು ಅವಳು ಎಂದೂ ಕಂಡಿರಲಿಲ್ಲ.

"ಫಿಕರ್ ಮಾಡಬ್ಯಾಡ ಬೇಟಿ," ಎಂದ ಅವನು, ಕೈ ಒರೆಸಿಕೊಳ್ಳುತ್ತ. "ಅಲ್ಲಾ ದೊಡ್ಡಾಂವ ಅದಾನ. ಎಲ್ಲಾ ನೀಲಿ ಆಗ್ತದ."

ಫ್ಲಾರೆನ್ಸಳ ಕಣ್ಣು ಮತ್ತೆ ಒದ್ದೆಯಾಯಿತು. ಕೆಂಪಾಗುವುದು ಗೊತ್ತಿದ್ದೂ ಸಮಾಧಾನ ಹೇಳುವ ಮಂದಿ ಎಷ್ಟು ಒಳ್ಳೆಯವರು!

ಮಿಸ್ ಶಮೀಮ ನಾಲ್ಕೂ ಹತ್ತಕ್ಕೆ ಬಂದರು. ತೆಳ್ಳಗೆ ಎತ್ತರದ ಹೆಂಗಸು. ಹುಟ್ಟಿ ಬೆಳೆದದ್ದು ಗುಲಬರ್ಗಾ, ಆದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ನಗು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ತೂಗಿದರು. ರೋಗಿಗಳನ್ನು ಮಾತಾಡಿಸಿದರು. ಕೊನೆಗೆ ಪರೀಕ್ಷೆಯ ಕೋಣೆಯಲ್ಲಿ ಕುಳಿತು ಪುಸ್ತಕ ತೆರೆದರು. ಬಾಗಿಲಲ್ಲಿ ಆಗಲೇ ಜನ ಸೇರಿತ್ತು: ವೈಜಿನಾಥರು, ಭಾಗೀರಥಿಬಾಯಿ, ಕಾಂತಾಬಾಯಿ, ಹಿಂದೆ ಗೋಡೆಯಂತೆ ಖಾಸಿಂ ಅಲಿ. ಮಚ್ಛೇಂದ್ರ ಕೂಡ ಊರುಗೋಲಿನ ಮೇಲೆ ಕುಂಟುತ್ತ ಬಂದಿದ್ದ.

ಇಂದಿನ ಪುಟಕ್ಕೆ ಬಂದಾಗ ಮಿಸ್ ಕನ್ನಡಕ ಸರಿಮಾಡಿಕೊಂಡರು.

"ಜಿಲೇಬಿ ಒಂದೂವರೆ?"

"ಹೌದ್ರಿ ಮಿಸ್."

"ನೀವು ಬರೀದಿದ್ರ ನನಗ ಗೊತ್ತಾಗ್ತಿರಲಿಲ್ಲ."

"ನಳಿಕೆ ಹೇಳ್ತಿತ್ತಲ್ರಿ ಮಿಸ್."

ಮಿಸ್ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. "ಹಚ್ರಿ ದೀಪಾ" ಎಂದರು.

ಐದು ಸಿಸಿ ದ್ರಾವಣ. ಸೀಸೆಯಿಂದ ಎಂಟು ಹನಿ. ನಳಿಕೆ ಕುದಿಯತೊಡಗಿತು. ಬಾಗಿಲಲ್ಲಿದ್ದವರು ಕತ್ತು ಚಾಚಿದರು. ವಿಚಿತ್ರವೆಂದರೆ ಫ್ಲಾರೆನ್ಸಳ ಹೊರತು ಎಲ್ಲರ ಮುಖದಲ್ಲೂ ಒಂದು ಗುಟ್ಟಾದ ಗೆಲುವು ಇತ್ತು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಕಿತ್ತಳೆಯಲ್ಲಿ ನಿಲ್ಲದೆ ನೇರ ಇಟ್ಟಿಗೆಯ ಕೆಂಪಿಗೆ ಹೋಗಿ ಕೂತಿತು.

ಫ್ಲಾರೆನ್ಸ ತಲೆ ತಗ್ಗಿಸಿದಳು. ಆದರೆ ಮಿಸ್ ಶಮೀಮ ತಲೆಯಾಡಿಸಿದರು. "ನೀವು ಬರೆದದ್ದಕ್ಕೂ ಬಂದದ್ದಕ್ಕೂ ಸರಿಯಾಗಿ ಹೊಂದತದ. ನೋಡ್ರಿ ಫ್ಲಾರೆನ್ಸ, ನಾ ಬಣ್ಣಕ್ಕ ಸಹಿ ಹಾಕೋಕಿ ಅಲ್ಲ, ದಾಖಲೆಗೆ ಹಾಕ್ತೇನಿ. ಹಬ್ಬದ ದಿನ ಯಾವ ರೋಗಿನೂ ಜಾರತಾನ. ಅದನ್ನ ಮುಚ್ಚಿಡದೆ ಬರೆದ ವಿದ್ಯಾರ್ಥಿ ಈ ವರ್ಷ ನನಗ ಸಿಕ್ಕದ್ದು ನೀವೊಬ್ಬರೇ."

ಅವರು ಪೆನ್ನಿನ ಟೋಪಿ ತೆಗೆದರು. ನಿಬ್ಬು ಕಾಗದವನ್ನು ಮುಟ್ಟಲು ಎರಡು ಅಂಗುಲ ಉಳಿದಿತ್ತು.

"ಸುಳ್ಳ ಅದರಿ!" ಎಂದು ವೈಜಿನಾಥರು ಕೂಗಿದರು. "ಕೆಂಪ ಹ್ಯಾಂಗ ಬರ್ತದ? ಅದು ನಂದಲ್ಲವೇ ಅಲ್ಲರಿ!"

ಪೆನ್ನು ನಿಂತಿತು. "ಏನಂದ್ರಿ?"

"ನಾ ಜಿಲೇಬಿ ತಿಂದಾಂವ ಅದೀನಿ, ನನ್ನದು ಕೊಟ್ಟರ ಪೋರಿ ಫೇಲಾಗ್ತಾಳ ಅಂತ ಬಾಜೂ ಮಂಚದ ಮಚ್ಛೇಂದ್ರನ ಕಡಿಂದ ಇಸ್ಕೊಂಡ ಕೊಟ್ಟೀನ್ರಿ! ಅಂವಗ ಕಾಲ ಮುರದದ ಖರೇ, ಸಕ್ಕರಿ ಎಲ್ಲೀದು?"

ಮಚ್ಛೇಂದ್ರನ ಊರುಗೋಲು ಕೈಯಿಂದ ಜಾರಿ ಬಿತ್ತು. ಅವನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ. "ಅಂದ್ರ... ಆ ಕೆಂಪ ನಂದೇನ್ರಿ? ನನಗ ಬ್ಯಾನಿ ಅದೇನ್ರಿ? ಅಯ್ಯ, ನನಗಿನ್ನಾ ಇಪ್ಪತ್ನಾಕು!"

"ಅಳಬ್ಯಾಡೋ ಹುಚ್ಚಪ್ಪ, ನಿಂದಲ್ಲ ಅದು!" ಎಂದು ಕಾಂತಾಬಾಯಿ ಅವನ ತೋಳು ಹಿಡಿದಳು. "ಮಾಮಾಂದೇ ಇರಬೇಕಂತ ತಿಳದು ನಾ ನಿಂದು ಮೋರಿಗಿ ಸುರುವೀನಿ. ಸುರುವಿ..." ಸೆರಗು ಮುಖಕ್ಕೆ ಹೋಯಿತು.

"ಸುರುವಿ?" ಎಂದರು ಮಿಸ್.

"ನಂದು ತುಂಬೀನ್ರಿ," ಎಂದಿತು ಸೆರಗು. ಮರುಕ್ಷಣ ಸೆರಗು ಸರಿದು ಎರಡು ಕಣ್ಣು ಕಾಣಿಸಿದವು. "ಯವ್ವಾ! ಹಂಗಾರ ನಂದೇನ್ರಿ ಕೆಂಪ? ಮೂರ ಮಕ್ಕಳ ತಾಯಿ ಅದೀನ್ರಿ! ಭಾಗೀರಥಿಬಾಯಿ, ನನ್ನ ಹಿಡೀರಿ!"

ಭಾಗೀರಥಿಬಾಯಿ ಹಿಡಿದರು. ಆದರೆ ಅವರ ಕಣ್ಣು ಬಾಗಿಲಿನ ಹಿಂಭಾಗಕ್ಕೆ ಹೋಗಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಆ ಕಡೆಗೆ ತಿರುಗಿದರು. ಖಾಸಿಂ ಅಲಿ ಗೋಡೆಗೆ ಒರಗಿದ್ದ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ಧ್ವನಿ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

"ನಿಂದೂ ಅಲ್ಲ ಕಾಂತಾಬಾಯಿ," ಎಂದ. "ನಿನ್ನ ಹಿಂದ ನಾ ಬಂದಿದ್ದೆ. ಇದ್ದದ್ದು ಚೆಲ್ಲಿ ನಂದು ಹಾಕಿದೆ. ಇಪ್ಪತ್ತ ವರ್ಷದಾಗ ಒಂದ ದಿನ ಮಲಗಿದಾಂವ ಅಲ್ಲ ನಾ. ನನಗಿಂತ ತಂದುರುಸ್ತ ಆದಾಂವ ಈ ದವಾಖಾನ್ಯಾಗ ಯಾರಿದ್ದಾರ ಅಂತ..."

ಹೊರಗೆ ದೂರದಲ್ಲಿ ಬ್ಯಾಂಡು ಕೇಳಿಸುತ್ತಿತ್ತು.

ಮಿಸ್ ಶಮೀಮ ಎದ್ದು ಇನ್ನೆರಡು ಸೀಸೆ ತರಿಸಿದರು. ಈ ಸಲ ಬಾಗಿಲಿಗೆ ಅವರೇ ಕಾವಲು ನಿಂತರು. ವೈಜಿನಾಥರದು, ಜಿಲೇಬಿಯ ನಂತರವೂ, ತಿಳಿಹಸಿರು. ಖಾಸಿಂ ಅಲಿಯದು ಕೆಂಪು.

"ತಿಳಿಹಸಿರು ಅಂದ್ರ ಭಾಳ ಛಲೋ ಕೆಲಸ" ಎಂದರು ಮಿಸ್, ಪೆನ್ನಿಗೆ ಟೋಪಿ ಹಾಕುತ್ತ. "ಆದ್ರ ಈ ಮೊದಲಿನ ಸೀಸೆ ಮ್ಯಾಲ ಆರು ಅಂತ ಬರೆದ ಅಕ್ಷರ ಯಾರದು?"

"ನಂದೇರಿ ಮಿಸ್."

"ಒಳಗಿದ್ದದ್ದು?"

ಫ್ಲಾರೆನ್ಸ ಖಾಸಿಂ ಅಲಿಯ ಕಡೆಗೆ ನೋಡಿದಳು.

"ಮೂರ ಮಂದಿ ಕೈಯಾಡಿಸಿದ ಸೀಸೆ ನಿಮ್ಮ ಸುಪರ್ದಿಯೊಳಗಿತ್ತು. ಕೋಣಿಗೆ ಕೀಲಿ ಹಾಕಿರಲಿಲ್ಲ. ನಾ ಒಪ್ಪಿ ಸಹಿ ಹಾಕಿದ್ರ ಇವರ ಬ್ಯಾನಿಗೆ ಅವರಿಗೆ ಪಥ್ಯ ಮಾಡಸೋ ಹೊತ್ತು ಬರತಿತ್ತು. ಇನ್ನಾ ಆರು ವಾರ, ಫ್ಲಾರೆನ್ಸ. ಡಿಸೆಂಬರ್ ಪರೀಕ್ಷೆ ಬಿಡ್ರಿ, ಮುಂದಿನ ವರ್ಷ ನೋಡೋಣ."

"ಮಿಸ್ಸಮ್ಮಾ, ತಪ್ಪ ನಮ್ಮದರಿ!" "ನಮಗ ಶಿಕ್ಷಾ ಕೊಡ್ರಿ!" "ಪಾಪ ಆಕಿಗಿ ಏನೂ ಗೊತ್ತಿಲ್ರಿ!" ಎಂದು ಬಾಗಿಲು ಒಂದೇ ಸಮನೆ ಒರಲಿತು.

"ಗೊತ್ತಿರಬೇಕಾಗಿತ್ತು," ಎಂದರು ಮಿಸ್. ಧ್ವನಿ ಸ್ವಲ್ಪ ಮೆತ್ತಗಾಗಿತ್ತು. "ಹೊಸ ರೋಗಿನೂ ಸಿಕ್ಕಾರಲ್ಲ. ಇವರನ್ನೇ ತಗೊಳ್ರಿ."

ಹೊಸ ರೋಗಿ ಸ್ಟೂಲಿನ ಮೇಲೆ ಕುಳಿತಿದ್ದ. ಸ್ಟೂಲು ಕಾಣುತ್ತಿರಲಿಲ್ಲ. ಆಸ್ಪತ್ರೆಯ ಪ್ರತಿಯೊಂದು ಪಥ್ಯದ ಊಟವೂ ಆ ಮನುಷ್ಯನ ಕೈಯಿಂದ ಬರಬೇಕು, ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿದೆ, ಇಂದಿನಿಂದ ಅವನ ಪಥ್ಯವನ್ನು ಅವನೇ ಬೇಯಿಸಿಕೊಳ್ಳಬೇಕು ಎಂಬುದು ಫ್ಲಾರೆನ್ಸಳಿಗೆ ನಿಧಾನವಾಗಿ ಹೊಳೆಯಿತು.

"ಬೇಟಿ," ಎಂದ ಅವನು, "ಕಾಲಾಗ ಇರುವಿ ಹರದಂಗ ಆಗ್ತದ ಒಂದ ವರ್ಷಾತು. ಕೊಡ ಗಟ್ಟಲೆ ನೀರ ಕುಡೀತೇನಿ. ಒಲಿ ಝಳಾ ಅಂತ ತಿಳದಿದ್ದೆ. ಈಗ ನಾ ಏನ ತಿನ್ಲಿ?"

ಫ್ಲಾರೆನ್ಸ ಸೀರೆಯ ಅಂಚಿನಿಂದ ಮುಖ ಒರೆಸಿಕೊಂಡಳು. ಒಂದು ಹೊಸ ಪುಟ ತೆರೆದು, ಮೇಲೆ ತಾರೀಖು ಹಾಕಿದಳು. ಸ್ಟೂಲಿನ ಪಕ್ಕಕ್ಕೆ ತನ್ನ ಸ್ಟೂಲು ಎಳೆದುಕೊಂಡಳು.

"ಮೊದಲ ಏನ ತಿಂತೀರಿ ಹೇಳ್ರಿ ಚಾಚಾ. ದಿನಾ ರೊಟ್ಟಿ ಎಷ್ಟು?"

"ನಾಕು."

ಅವಳು ಬರೆಯಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕುಳಿತಳು. ಮಿಸ್ ಶಮೀಮ ಹೊರಡಲು ಎದ್ದವರು ಬಾಗಿಲಲ್ಲಿ ನಿಂತು ನೋಡಿದರು.

"ಆರು," ಎಂದ ಖಾಸಿಂ ಅಲಿ. ಸ್ವಲ್ಪ ತಡೆದು, "ಒಂಬತ್ತು ಅನ್ನು."

"ಸಿಹಿ?"

"ತೌಬಾ! ನಾ ಸಿಹಿ ತಿನ್ನಾಂವೇ ಅಲ್ಲ. ಅಡಗಿ ಮಾಡುವಾಗ ಜರಾ ರುಚಿ ನೋಡ್ತೇನಿ, ಅಷ್ಟೇ. ಖೀರು, ಶಿರಾ, ರವಾ ಗಂಜಿ, ಚಹಾ. ಬಾವರ್ಚಿ ರುಚಿ ನೋಡದೆ ಬಡಿಸ್ತಾನಾ?"

"ದಿನಕ್ಕ ಎಷ್ಟ ಸಲ?"

"ಹತ್ತ ಹನ್ನೆರಡ ಸಲ ಆಗ್ತದ."

"ಯಾತಲೇ ನೋಡ್ತೀರಿ? ಚಮಚಾಲೇ?"

ಖಾಸಿಂ ಅಲಿಗೆ ಅವಮಾನವಾದಂತೆ ಕಂಡಿತು. "ಚಮಚಾಲೇ ಏನ ತಿಳೀತದ ಬೇಟಿ? ಸೌಟಲೇ."

"ತರ್ರಿ ಆ ಸೌಟು."

ಕಾಂತಾಬಾಯಿ ಓಡಿಹೋಗಿ ತಂದಳು. ಫ್ಲಾರೆನ್ಸ ಅದನ್ನು ನೀರಿನಿಂದ ಅಂಚಿನ ತನಕ ತುಂಬಿ, ಒಂದು ಹನಿಯೂ ಚೆಲ್ಲದಂತೆ ಅಳತೆಯ ಗಾಜಿಗೆ ಸುರಿದಳು. ನೀರು ಅಲುಗಾಟ ನಿಲ್ಲಿಸುವ ತನಕ ಕಾದು, ಬಾಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದಳು. ಆಮೇಲೆ ಬರೆದಳು: ರುಚಿ ನೋಡುವ ಸೌಟು, ಒಂದು ಸಲಕ್ಕೆ, ೧೮೦ ಸಿಸಿ.